ತೋಳಿನಲ್ಲಿ ಹೂತಿಟ್ಟ ನರಹುಲಿ

ಬೆರಳ ಮೇಲಿನ ಒಂದು ನರಹುಲಿಯಿಂದ ಸಣ್ಣ ಚೂರು ಕತ್ತರಿಸಿ ತೆಗೆಯುತ್ತಾರೆ. ಅದೇ ಮನುಷ್ಯನ ಎಡಗೈಯ ಒಳಬದಿಯಲ್ಲಿ, ಮೊಣಕೈ ಮಡಿಕೆಯಿಂದ ತುಸು ಕೆಳಗೆ, ಚರ್ಮದಡಿಯ ಕೊಬ್ಬಿನ ಪದರ ಮುಟ್ಟುವಷ್ಟು ಆಳಕ್ಕೆ ಒಂದು ಪುಟ್ಟ ಗೂಡು ಮಾಡಿ, ಆ ಚೂರನ್ನು ಅದರೊಳಗೆ ಹೂಳುತ್ತಾರೆ. ಮೇಲೊಂದು ಪಟ್ಟಿ ಅಂಟಿಸುತ್ತಾರೆ. ಮುಗಿಯಿತು, ಮನೆಗೆ ಹೋಗಬಹುದು. ಹೂತ ಜಾಗದಲ್ಲಿ ಇನ್ನೊಂದು ನರಹುಲಿ ಎದ್ದೀತು ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದೇ ಬೇರೆ! ವಾರಗಳು ಕಳೆದಂತೆ ಬೆರಳ ಮೇಲಿದ್ದವು ಕುಗ್ಗುತ್ತವೆ. ಪಾದದಡಿ ನಡೆಯಗೊಡದೆ ಚುಚ್ಚುತ್ತಿದ್ದವು ಒಣಗಿ ಉದುರುತ್ತವೆ. ಗದ್ದದ ಮೇಲೆ, ಕತ್ತಿನ ಸುತ್ತ, ಯಾರೂ ಮುಟ್ಟದೆ, ಯಾವ ಔಷಧಿಯನ್ನೂ ಹಚ್ಚದೆ ಬಿಟ್ಟಿದ್ದವು ಕೂಡ ಹೊರಟು ನಿಲ್ಲುತ್ತವೆ! ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಹೀಗೆ ಮಾಡಿಸಿಕೊಂಡ ಹೆಚ್ಚಿನವರಲ್ಲಿ ಎರಡು ಮೂರು ತಿಂಗಳೊಳಗೆ ಮೈಯೆಲ್ಲ ಚೊಕ್ಕ.

ಇದು ಎಲ್ಲೋ ಸಮುದ್ರದಾಚೆಯ ಸುದ್ದಿ ಎಂದುಕೊಳ್ಳಬೇಡಿ. ನಮ್ಮ ದಾವಣಗೆರೆಯದು! ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದ ವೈದ್ಯರಾದ ಶಿವಕುಮಾರ್, ಓಕಡೆ ಮತ್ತು ರಾಜಕುಮಾರ್, ಮೈತುಂಬ ನರಹುಲಿ ಎದ್ದ ರೋಗಿಗಳ ಮೇಲೆ ಈ ವಿಧಾನವನ್ನು ನಡೆಸಿ ನೋಡಿ, 2009ರಲ್ಲಿ ಭಾರತದ ಚರ್ಮವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಅದನ್ನು ಕರೆದದ್ದು ಆಟೋಇಂಪ್ಲಾಂಟೇಶನ್ ಎಂದು. ನಮ್ಮದನ್ನೇ ತೆಗೆದು ನಮ್ಮೊಳಗೇ ನೆಡುವುದು.

ಆ ಪ್ರಬಂಧ ಓದಿದ ದಿನ ನನ್ನ ಕಣ್ಣಮುಂದೆ ಬಂದದ್ದು ಆಸ್ಪತ್ರೆಯಲ್ಲ. ಹಳಿಯಾಳದ ಪೇಟೆ. ಬಳೆ ಇಡಿಸಿಕೊಳ್ಳಲು ಕೂತ ಒಬ್ಬ ಹುಡುಗಿ ಎಡಗೈ ಕೊಟ್ಟಳು. ಬಲಗೈ ಸೆರಗಿನೊಳಗೇ ಉಳಿಯಿತು.

‘ಯಾಕವ್ವಾ, ಆ ಕೈ ಹಿಂದ ಇಟಗೊಂಡಿ?’

‘ನರೂಲಿ ಎದ್ದಾವ್ರಿ ಮಾವಶಿ. ನಿಮಗ ಹತ್ತಿದ್ರ?’

‘ಹತ್ತಲಿ ಬಿಡು. ನಾ ಎಷ್ಟು ಕೈ ನೋಡೇನಿ. ಕೊಡು ಇತ್ತ.’

ಬಳೆಗಾರ್ತಿ ಆ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು, ಗೆಣ್ಣು ಒತ್ತಿ, ಹಸಿರು ಬಳೆಯನ್ನು ಮೆಲ್ಲಗೆ ಏರಿಸಿದಳು. ಹುಡುಗಿಯ ಮುಖ ಅರಳಿದ್ದು ಬಳೆಗಾಗಿ ಅಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಯಾರೋ ಒಬ್ಬರು ಆ ಕೈ ಮುಟ್ಟಿದ್ದರು.

ಅಂದಿನಿಂದ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ನನ್ನ ಕಣ್ಣು ಹೋದದ್ದೆಲ್ಲ ಕೈಗಳ ಮೇಲೇ. ಎಂಥೆಂಥ ಕೈಗಳಿವೆ ಇಲ್ಲಿ! ಜೋಯಿಡಾದ ಕುಣಬಿ ಹೆಂಗಸರು ಮಣ್ಣೊಳಗೆ ಬರಿಗೈ ಇಳಿಸಿ ಗಡ್ಡೆ ಗೆಣಸು ಬಿಡಿಸುತ್ತಾರೆ. ಹಳಿಯಾಳ, ಮುಂಡಗೋಡದ ಸಿದ್ದಿ ಅಜ್ಜಿಯರು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ, ಡಮಾಮಿ ಬಾರಿಸುವಾಗ ಅದೇ ಸಮುದಾಯದ ಕೈಗಳು ನೆಲ ನಡುಗಿಸುತ್ತವೆ. ಹಳಿಯಾಳದ ಕುಸ್ತಿ ಹುಡುಗರು ಕೆಂಪು ಮಣ್ಣಿನಲ್ಲಿ ಕೈಗೆ ಕೈ ಕೊಟ್ಟೇ ಪಟ್ಟು ಶುರುಮಾಡಬೇಕು. ದಾಂಡೇಲಿ, ಗಣೇಶಗುಡಿಯಲ್ಲಿ ಕಾಳಿ ನದಿಯ ಬಿಳಿ ನೊರೆಯಲ್ಲಿ ರ‍್ಯಾಫ್ಟ್ ನಡೆಸುವ ಹುಡುಗರು ಹೆದರಿದ ಪ್ರವಾಸಿಗೆ ಮೊದಲು ಚಾಚುವುದು ಕೈಯನ್ನೇ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ, 1966ರಲ್ಲಿ ನೆಲೆ ಸಿಕ್ಕವರ ಮಠಗಳ ಅಂಗಳದಲ್ಲಿ, ಎಳೆಯ ಭಿಕ್ಷುಗಳು ಪ್ರತಿ ಪ್ರಶ್ನೆಗೂ ಎದುರಾಳಿಯ ಮುಖದ ಮುಂದೆ ಚಪ್ಪಾಳೆ ತಟ್ಟಿ ತರ್ಕ ಮಾಡುತ್ತಾರೆ. ಬಚ್ಚಿಟ್ಟ ಕೈಯಿಂದ ಇದರಲ್ಲಿ ಯಾವುದನ್ನು ಮಾಡಲಾದೀತು?

ದಸರೆಯ ಸಂಜೆಯನ್ನೇ ನೋಡಿ. ದಾಂಡೇಲಿಯಲ್ಲಿ ದಾಂಡೇಲಪ್ಪನ ಜಾತ್ರೆ, ಮನೆಮನೆಯಲ್ಲಿ ಬನ್ನಿ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತ ಎಲೆಯನ್ನು ಅಂಗೈಯಿಂದ ಅಂಗೈಗೆ ಕೊಡಬೇಕು, ದೊಡ್ಡವರ ಕಾಲು ಮುಟ್ಟಬೇಕು, ಅವರು ತಲೆ ಮುಟ್ಟಬೇಕು. ಮಾಘದಲ್ಲಿ ಚಕ್ಕಡಿ ಹೂಡಿಕೊಂಡು ಉಳವಿಗೆ ಹೋದವರು ಚನ್ನಬಸವಣ್ಣನ ಸನ್ನಿಧಿಯಲ್ಲಿ ಸಾವಿರಾರು ಜನಕ್ಕೆ ದಾಸೋಹ ಬಡಿಸುತ್ತಾರೆ. ನಮ್ಮ ಹಬ್ಬವೆಲ್ಲ ಕೈಯಲ್ಲೇ ನಡೆಯುವುದು! ಅಂಥಲ್ಲಿ ಬೆರಳ ಮೇಲೆ ಒರಟಾದ ಹತ್ತು ಗಂಟು ಎದ್ದ ಹುಡುಗ ಬಡಿಸುವ ಸೌಟನ್ನು ಇನ್ನೊಬ್ಬರಿಗೆ ಕೊಟ್ಟು ಹಿಂದೆ ಸರಿಯುತ್ತಾನೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದ ಹುಡುಗಿ ಕೈ ಎತ್ತುವುದಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಚಹಾದ ತಟ್ಟೆ ಹಿಡಿಯುವ ಬೆರಳುಗಳಿಗೆ ಹಿಂದಿನ ರಾತ್ರಿಯೇ ಸುಣ್ಣ ಸುರಿದು ಸುಟ್ಟುಕೊಂಡವರಿದ್ದಾರೆ. ನರಹುಲಿಯಿಂದ ನೋವು ಕಡಿಮೆ, ಜ್ವರ ಇಲ್ಲ, ಜೀವಕ್ಕೆ ಅಪಾಯವಿಲ್ಲ. ಹಾಗಾಗಿ ಮನೆಯವರು ‘ಅದೇನ್ ದೊಡ್ಡದು ಬಿಡು’ ಅನ್ನುತ್ತಾರೆ. ದೊಡ್ಡದೇ! ಚರ್ಮರೋಗ ಮನಸ್ಸಿಗೆ ಎಷ್ಟು ಭಾರ ಎಂದು ಅಳೆಯಲು ಬ್ರಿಟನ್ನಿನ ಕಾರ್ಡಿಫ್‌ನ ಫಿನ್ಲೆ ಮತ್ತು ಖಾನ್ 1994ರಲ್ಲಿ ಹತ್ತು ಪ್ರಶ್ನೆಗಳ ಪಟ್ಟಿ ರೂಪಿಸಿದರು. ಮುಜುಗರ, ಬಟ್ಟೆಯ ಆಯ್ಕೆ, ಆಟ, ಓದು, ಸ್ನೇಹ ಎಲ್ಲವನ್ನೂ ಅದು ಕೇಳುತ್ತದೆ. ನರಹುಲಿ ಇದ್ದವರನ್ನೇ ಕೂರಿಸಿ ಕೇಳಿದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ ಬಹುಪಾಲು ಜನ ಹೇಳಿಕೊಂಡದ್ದು ನಾಚಿಕೆಯನ್ನು, ಜನ ಏನಂದುಕೊಂಡಾರು ಎಂಬ ಅಳುಕನ್ನು. ಹಳಿಯಾಳದ ಹುಡುಗಿ ಸೆರಗಿನೊಳಗೆ ಬಚ್ಚಿಟ್ಟದ್ದೂ ಅದನ್ನೇ.

ಈಗ ಆ ಗಂಟಿನೊಳಗೆ ಇಳಿಯೋಣ. ಉಸಿರು ಬಿಗಿ ಹಿಡಿಯಿರಿ!

ಒಳಗಿರುವುದು ಒಂದು ವೈರಸ್, ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು ಹದಿನೆಂಟು ಸಾವಿರದ ಒಂದು ಭಾಗ. ನಮ್ಮ ಜೀವಕೋಶದಲ್ಲಿ ಬರೆದಿಟ್ಟ ಡಿಎನ್ಎ ಪಾಠ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ. ಈ ವೈರಸ್ಸಿನದು ಎಷ್ಟು ಗೊತ್ತೇ? ಬರೀ 8,000 ಅಕ್ಷರ! ಇಷ್ಟು ಪುಟ್ಟ ಪಾಠ ಇಟ್ಟುಕೊಂಡು ಅದು 300 ಕೋಟಿ ಅಕ್ಷರದ ಮನುಷ್ಯನನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾಮಾರಿಸುತ್ತದೆ. ಹೇಗೆ? ಹಿತ್ತಿಲ ಬಾಗಿಲಿಂದ ನುಸುಳಿ, ಮಲಗಿದ ನಾಯಿ ಬೊಗಳದಂತೆ ಮನೆಯೊಳಗೆ ಬಿಡಾರ ಹೂಡುವ ಕಳ್ಳನಿದ್ದ ಹಾಗೆ. ಚರ್ಮದ ಕಣ್ಣಿಗೆ ಕಾಣದ ಗೀರಿನಿಂದ ಒಳಹೊಕ್ಕು ಮೇಲ್ಚರ್ಮದ ತಳದ ಸಾಲಿನ ಕೋಶದಲ್ಲಿ ಕೂರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ. ಕೋಶವನ್ನು ಒಡೆಯುವುದಿಲ್ಲ. ಉರಿ, ಕೀವು, ಬಾವು ಯಾವುದನ್ನೂ ಎಬ್ಬಿಸುವುದಿಲ್ಲ. ಮೇಲ್ಚರ್ಮದ ಕೋಶಗಳು ತಳದಲ್ಲಿ ಹುಟ್ಟಿ, ಮೆಲ್ಲಗೆ ಮೇಲಕ್ಕೆ ಸರಿದು, ಸುಮಾರು ಒಂದು ತಿಂಗಳಲ್ಲಿ ಸತ್ತು ಹೊಟ್ಟಾಗಿ ಉದುರುತ್ತವಲ್ಲ, ಅದೇ ದಾರಿ ಹಿಡಿದು ವೈರಸ್ಸೂ ಮೇಲೇರುತ್ತದೆ. ಮೇಲೆ ಬಂದ ಮೇಲೆಯೇ, ಇನ್ನೇನು ಉದುರಲಿರುವ ಕೋಶದಲ್ಲೇ, ತನ್ನ ಮರಿಗಳನ್ನು ರಾಶಿ ರಾಶಿ ಕಟ್ಟುತ್ತದೆ. ನಮ್ಮ ರೋಗನಿರೋಧಕ ಪಡೆ ಹೆಚ್ಚಾಗಿ ಕಾವಲು ತಿರುಗುವುದು ರಕ್ತ ಹರಿಯುವ ಕೆಳಗಿನ ಪದರದಲ್ಲಿ. ಕಳ್ಳನ ಸಂಸಾರವೆಲ್ಲ ಮಾಳಿಗೆಯ ಮೇಲೆ!

ಹಾಗಾದರೆ ಆ ಒರಟು ಗಂಟು? ಅದು ನಮ್ಮದೇ ಚರ್ಮ. ಬೇಗ ಬೇಗ ಹುಟ್ಟು ಎಂದು ವೈರಸ್ ಹೇಳಿಕೊಟ್ಟ ಮಾತು ಕೇಳಿ ದಪ್ಪವಾದದ್ದು. ಅದರಲ್ಲಿ ಕಾಣುವ ಕರಿ ಚುಕ್ಕೆಗಳನ್ನು ‘ಬೇರು’ ಎನ್ನುತ್ತಾರೆ, ಬ್ಲೇಡು ಹಿಡಿದು ಬೇರು ಕೀಳಲು ಹೋಗಿ ರಕ್ತ ಹರಿಸಿಕೊಳ್ಳುತ್ತಾರೆ. ಬೇರೇ ಇಲ್ಲ! ಆ ಚುಕ್ಕೆಗಳು ಕೂದಲಿಗಿಂತ ಸಪೂರವಾದ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ. ನರಹುಲಿ ಮೇಲ್ಚರ್ಮದಾಚೆಗೆ ಇಳಿಯುವುದೇ ಇಲ್ಲ. ಬ್ಲೇಡು ಮಾಡುವುದು ಒಂದೇ ಕೆಲಸ, ಗೀರಿದ ಗೆರೆಯುದ್ದಕ್ಕೂ ಹೊಸ ನರಹುಲಿಗಳ ಸಾಲು ನೆಡುವುದು. ಉಗುರು ಕಚ್ಚುವ ಮಕ್ಕಳಿಗೆ ಉಗುರಿನ ಸುತ್ತ ಏಳುವುದೂ, ಗಡ್ಡ ಹೆರೆಯುವವರಿಗೆ ಕೆನ್ನೆತುಂಬ ಹರಡುವುದೂ ಇದಕ್ಕೇ.

ಇದು ವೈರಸ್ ಎಂದು ಗೊತ್ತಾದ ಬಗೆಯೂ ಮೈನವಿರೇಳಿಸುತ್ತದೆ. ಇಟಲಿಯ ಚುಫೊ ಎಂಬ ವೈದ್ಯ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ತನ್ನ ಸ್ವಂತ ಕೈಗೇ ಸೇರಿಸಿಕೊಂಡ. ತಿಂಗಳುಗಳ ನಂತರ ಅಲ್ಲಿ ನರಹುಲಿ ಎದ್ದಿತು. 1907ರಲ್ಲಿ! ಮುಂದೆ ಇದೇ ಕುಲದ ವೈರಸ್‌ಗಳ ಇನ್ನೂರಕ್ಕೂ ಹೆಚ್ಚು ಬಗೆಗಳು ಸಿಕ್ಕವು. ಅವುಗಳಲ್ಲಿ ಕೆಲವು ಗರ್ಭಕೊರಳಿನ ಕ್ಯಾನ್ಸರ್ ತರುತ್ತವೆ ಎಂದು ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್‌ಗೆ 2008ರ ನೊಬೆಲ್ ಬಂತು. ಹೆಸರು ಒಂದೇ ಎಂದು ಕೈಮೇಲಿನ ನರಹುಲಿ ಇದ್ದವರು ಬೆಚ್ಚಬೇಕಿಲ್ಲ. ಆ ಬಗೆಗಳೇ ಬೇರೆ, ಬೆರಳಿನ ಮೇಲೆ ಕೂರುವ ಬಗೆಗಳೇ ಬೇರೆ.

ದನಕರುಗಳಿಗೂ ಇದೆ! ಮುಂಡಗೋಡ, ಹಳಿಯಾಳದ ಕಾಡಂಚಿನ ಗೌಳಿ ದೊಡ್ಡಿಗಳಲ್ಲಿ ಎಮ್ಮೆ ಆಕಳು ಸಾಕುವವರನ್ನು ಕೇಳಿ, ಕರುವಿನ ಮೂತಿ ಕತ್ತಿನ ಮೇಲೆ ಹೂಕೋಸಿನಂಥ ಗಂಟು ಎದ್ದದ್ದನ್ನು ನೋಡದವರೇ ಇರಲಿಕ್ಕಿಲ್ಲ. ಅದು ದನದ್ದೇ ವೈರಸ್, ಹಾಲು ಕರೆಯುವವರ ಕೈಗೆ ಹತ್ತುವುದಿಲ್ಲ. ಸೋಜಿಗ ಇರುವುದು ಇಲ್ಲಿ. ಅಂಥ ದನದ ಗಂಟನ್ನೇ ಕತ್ತರಿಸಿ, ಅರೆದು, ವೈರಸ್ ಕೊಂದು, ಅದೇ ದನಕ್ಕೆ ಚುಚ್ಚುವ ಪದ್ಧತಿ ಪಶುವೈದ್ಯರಲ್ಲಿ ದಶಕಗಳಿಂದ ಇದೆ. ಕೊಟ್ಟಿಗೆಯಲ್ಲಿ ನಡೆದು ಬಂದ ಜಾಣ್ಮೆಗೂ ದಾವಣಗೆರೆಯ ಚರ್ಮರೋಗ ವಿಭಾಗದ ಜಾಣ್ಮೆಗೂ ನೆಂಟಸ್ತಿಕೆ!

ಇನ್ನು ನಮ್ಮ ಹಳ್ಳಿ ಔಷಧಿಗಳು. ಕುದುರೆ ಬಾಲದ ಕೂದಲು ಕಟ್ಟುವುದು, ಸುಣ್ಣ ಸೋಡಾ ಕಲಸಿ ಇಡುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಮುಟ್ಟಿಸುವುದು, ದೇವರಿಗೆ ಉಪ್ಪು ಮೆಣಸಿನ ಹರಕೆ. ‘ನಮ್ಮ ಅಜ್ಜಿ ಹರಕಿ ಹೊತ್ತಳು, ಹೋತು ನೋಡ್ರಿ’ ಎಂದು ಆಣೆ ಇಟ್ಟು ಹೇಳುವವರನ್ನು ಎಲ್ಲಿ ಬೇಕಾದರೂ ಕಾಣಬಹುದು. ಅವರು ಸುಳ್ಳು ಹೇಳುತ್ತಿಲ್ಲ! ಮಕ್ಕಳ ನರಹುಲಿಗಳಲ್ಲಿ ಮೂರರಲ್ಲಿ ಎರಡರಷ್ಟು ಯಾವ ಔಷಧಿಯೂ ಇಲ್ಲದೆ ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಒಂದು ದಿನ ನಾಯಿಗೆ ಎಚ್ಚರವಾಗುತ್ತದೆ, ಬೊಗಳುತ್ತದೆ, ಮೈಯ ಪಡೆ ಮಾಳಿಗೆ ಏರುತ್ತದೆ. ಆ ದಿನದ ಹಿಂದುಮುಂದು ಮಾಡಿದ ಹರಕೆಗೋ ಮದ್ದಿಗೋ ಕೀರ್ತಿ ಸಲ್ಲುತ್ತದೆ. ಹರಕೆ ಹೊತ್ತವರ ಮೇಲೆ ನನಗೆ ಪ್ರೀತಿಯೇ ಇದೆ. ಅದರಿಂದ ಯಾರಿಗೂ ಕೆಡುಕಿಲ್ಲ, ಮನಸ್ಸಿಗೆ ಧೈರ್ಯವಿದೆ. ಸುಣ್ಣ ಮತ್ತು ಗೇರೆಣ್ಣೆಯ ಮಾತು ಹಾಗಲ್ಲ. ಗೇರುಸಿಪ್ಪೆಯ ಎಣ್ಣೆ ಒಳ್ಳೆಯ ಚರ್ಮವನ್ನೂ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಜೀವನವಿಡೀ ಉಳಿಯುವ ಕಲೆ ಬಿಡುತ್ತದೆ. ಹೋಗಬಹುದಾಗಿದ್ದ ಗುರುತಿನ ಜಾಗದಲ್ಲಿ ಹೋಗದ ಗುರುತು. ದಯವಿಟ್ಟು ಬೇಡ.

ಈಗ ದಾವಣಗೆರೆಯ ಗೂಡಿಗೆ ಮರಳುತ್ತೇನೆ, ಏಕೆಂದರೆ ಈ ನಾಲ್ಕು ತಾಲೂಕುಗಳ ಮಟ್ಟಿಗೆ ಅದರ ಬೆಲೆ ಇನ್ನೂ ಯಾರಿಗೂ ಪೂರ್ತಿ ಹೊಳೆದಂತಿಲ್ಲ. ನಾಯಿ ಮಲಗಿದ ಜಾಗಕ್ಕೇ ಕಳ್ಳನನ್ನು ತಂದು ಅದರ ಮೂಗಿನ ಮುಂದೆ ನಿಲ್ಲಿಸುವುದು, ಮಾಡುವುದು ಅಷ್ಟೇ! ಮೇಲ್ಚರ್ಮದ ಮಾಳಿಗೆಯಲ್ಲಿ ಅಡಗಿದ್ದ ವೈರಸ್ಸನ್ನು ಕೆಳಗಿನ ಕೊಬ್ಬಿನ ಪದರಕ್ಕೆ ಇಳಿಸಿದೊಡನೆ ಅದು ರಕ್ಷಣಾ ಕೋಶಗಳ ಕೈಗೆ ಸಿಗುತ್ತದೆ. ಅವು ಅದರ ಚಹರೆ ಕಲಿಯುತ್ತವೆ. ಕಲಿತ ಪಡೆ ರಕ್ತದಲ್ಲಿ ಮೈಯೆಲ್ಲ ಸುತ್ತಿ ಅದೇ ಚಹರೆಯ ಕೋಶ ಎಲ್ಲಿದ್ದರೂ ಹುಡುಕಿ ಬಡಿಯುತ್ತದೆ. ಒಂದೇ ಜಾಗದಲ್ಲಿ ಕಲಿಸಿದ ಪಾಠ, ನೆತ್ತಿಯಿಂದ ಅಂಗಾಲಿನವರೆಗೆ ಫಲ! ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಹಾಕುವ ಲಸಿಕೆಯ ಹನಿಯನ್ನು ನರಹುಲಿಯೊಳಗೇ ಚುಚ್ಚಿ ಆ ಜಾಗದಲ್ಲಿ ಗದ್ದಲ ಎಬ್ಬಿಸುವ ವಿಧಾನವೂ ಈಗ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆದಿದೆ. ಅದರಲ್ಲೂ ಒಂದಕ್ಕೆ ಚುಚ್ಚಿದರೆ ದೂರದ್ದೂ ಹೋದದ್ದುಂಟು.

ಹಳೆಯ ಚಿಕಿತ್ಸೆಗಳು ಕೆಟ್ಟವಲ್ಲ. ಔಷಧಿ ಅಂಗಡಿಯ ಸ್ಯಾಲಿಸಿಲಿಕ್ ಆಮ್ಲವನ್ನು ತಾಳ್ಮೆಯಿಂದ, ದಿನಾ, ವಾರಗಟ್ಟಲೆ ಹಚ್ಚಿದರೆ ಕೈಕಾಲಿನ ಎಷ್ಟೋ ನರಹುಲಿಗಳು ಕರಗುತ್ತವೆ. ಮುಖಕ್ಕೆ ಮಾತ್ರ ಬೇಡ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯೂ ಇದೆ. ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯದ ಕಡ್ಡಿಗಳನ್ನು ಕಾಪಾಡುವುದೂ ಇದೇ ದ್ರವ! ಆದರೆ ಅದನ್ನು ದಪ್ಪ ಗೋಡೆಯ ಕ್ಯಾನಿನಲ್ಲಿ ತರಿಸುತ್ತಲೇ ಇರಬೇಕು, ಇಟ್ಟಲ್ಲೇ ಆವಿಯಾಗುತ್ತದೆ. ರೋಗಿ ಎರಡು ಮೂರು ವಾರಕ್ಕೊಮ್ಮೆ ಬರುತ್ತಲೇ ಇರಬೇಕು. ಹಳಿಯಾಳದವರಿಗೆ ಧಾರವಾಡವಾದರೂ ಕೈಗೆಟಕುತ್ತದೆ, ಮುಂಡಗೋಡದವರಿಗೆ ಹುಬ್ಬಳ್ಳಿ. ಕಾಳಿ ಹುಟ್ಟುವ ಡಿಗ್ಗಿಯ ಕಡೆಯಿಂದ, ಜೋಯಿಡಾದ ಕಾಡಿನ ನಡುವಿನ ಕುಣಬಿವಾಡೆಯಿಂದ ಹೊರಟವರಿಗೆ ಕಾರವಾರವೂ ದೂರ, ಧಾರವಾಡವೂ ದೂರ. ದಿನದ ಕೂಲಿ ಬಿಟ್ಟು, ಬಸ್ಸು ಕಾದು, ನರಹುಲಿಗೆಂದು ಅವರು ಆರು ಸಲ ಬಂದಾರೆಯೇ? ಹೂಳುವ ಚಿಕಿತ್ಸೆಗೆ ಬೇಕಾದದ್ದು ನೋಡಿ: ಮರಗಟ್ಟಿಸುವ ಚುಚ್ಚುಮದ್ದು, ಕ್ರಿಮಿಶುದ್ಧ ಬ್ಲೇಡು ಮತ್ತು ಸೂಜಿ, ಒಂದು ಪಟ್ಟಿ, ಮತ್ತು ಪಳಗಿದ ಕೈ. ಯಂತ್ರವಿಲ್ಲ, ಕ್ಯಾನಿಲ್ಲ. ಬಹಳ ಮಂದಿಗೆ ಒಂದೇ ಸಲ ಸಾಕಾಗುತ್ತದೆ. ಈ ಕಾಡುನಾಡಿಗೆಂದೇ ಯಾರೋ ಯೋಚಿಸಿ ಮಾಡಿದಂತಿದೆ! ತಾಲೂಕು ಆಸ್ಪತ್ರೆಗಳಿಗೆ ತಿಂಗಳಿಗೊಂದು ದಿನ ಚರ್ಮವೈದ್ಯರು ಬಂದು ಕೂತರೂ ಎಷ್ಟೊಂದು ಕೈಗಳು ಸೆರಗಿನಿಂದ ಆಚೆ ಬಂದಾವು. ಆರೋಗ್ಯ ಇಲಾಖೆ ಇದನ್ನು ಮಾಡಬೇಕು, ಮಾಡಲು ಕಷ್ಟವೇನಿಲ್ಲ.

ಎಲ್ಲರಿಗೂ ಒಪ್ಪುವ ಚಿಕಿತ್ಸೆ ಇದಲ್ಲ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಹೂತ ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು ವೈದ್ಯರಿಗೆ ಮೊದಲೇ ಹೇಳಬೇಕು. ಕೆಲವರಿಗೆ ಫಲ ಸಿಗದೆ ಇನ್ನೊಂದು ದಾರಿ ಹಿಡಿಯಬೇಕಾಗುತ್ತದೆ. ವಯಸ್ಸಾದ ಮೇಲೆ ಹೊಸದಾಗಿ ಎದ್ದು ರಕ್ತ ಬರುವ ಗಂಟು, ಬೇಗ ಬೆಳೆಯುವ ಗಂಟು ನರಹುಲಿಯೇ ಅಲ್ಲದಿರಬಹುದು, ಅದನ್ನು ತಡಮಾಡದೆ ತೋರಿಸಬೇಕು. ಜನನಾಂಗದ ಮೇಲಿನ ಗಂಟುಗಳ ಚಿಕಿತ್ಸೆ ಬೇರೆಯೇ ಇದೆ. ನಾಚದೆ ಹೋಗಿ. ಮನೆಯಲ್ಲಿ ಟವೆಲ್, ರೇಜರ್, ಉಗುರು ಕತ್ತರಿ ಬೇರೆ ಇಡಿ. ರ‍್ಯಾಫ್ಟಿಂಗ್ ಹುಡುಗರೇ, ಒದ್ದೆ ಬೂಟು ಹಂಚಿಕೊಳ್ಳಬೇಡಿ. ಕುಸ್ತಿ ಪಟುಗಳೇ, ಹೋಗುವವರೆಗೆ ಪಟ್ಟಿ ಸುತ್ತಿಕೊಂಡೇ ಪಟ್ಟು ಹಾಕಿ.

ತಾಯಂದಿರಿಗೆ, ಮಾಸ್ತರರಿಗೆ ಒಂದು ಮಾತು. ನರಹುಲಿ ಇದ್ದ ಮಗುವನ್ನು ಬೇರೆ ಕೂರಿಸಬೇಡಿ. ಒಂದು ಸಲ ಕೈ ಹಿಡಿದ ಮಾತ್ರಕ್ಕೆ ಎಲ್ಲರಿಗೂ ಹತ್ತುವ ರೋಗ ಇದಲ್ಲ, ಗೀರಿಲ್ಲದ ಒಣ ಚರ್ಮ ಒಳ್ಳೆಯ ಗೋಡೆ. ಕೊಳಕಿನಿಂದ ಬಂದದ್ದಲ್ಲ, ಪಾಪದಿಂದ ಬಂದದ್ದಲ್ಲ, ಆ ಮಗು ಯಾವ ತಪ್ಪನ್ನೂ ಮಾಡಿಲ್ಲ.

ನಿಮ್ಮ ಕೈಮೇಲೇ ಇದ್ದರೆ, ಮುಂದಿನ ಸಲ ಧಾರವಾಡಕ್ಕೋ ಹುಬ್ಬಳ್ಳಿಗೋ ಕಾರವಾರಕ್ಕೋ ಹೋದಾಗ ಚರ್ಮರೋಗ ವಿಭಾಗದ ಚೀಟಿ ಮಾಡಿಸಿ ಒಳಗೆ ಹೋಗಿ. ಎರಡೂ ಕೈ ಮೇಜಿನ ಮೇಲಿಟ್ಟು, ‘ಆಟೋಇಂಪ್ಲಾಂಟೇಶನ್ ನನಗ ಒಗ್ಗತೈತೇನ್ರಿ ಡಾಕ್ಟರ?’ ಎಂದು ಕೇಳಿ.